ನೀರು ಇಳಿದ ಮೇಲೆ ಅಂಡಮಾನ್

ಮಾಯಸಂದ್ರದ ಹತ್ತಿರದ ಗುಡ್ಡೇನಹಳ್ಳಿಯ ಕರಿಬಸವಯ್ಯನವರು ಮಹಾ ಧೈರ್ಯವಂತರೆಂದು ಸುತ್ತ ನಾಲ್ಕು ಊರಿಗೆ ಹೆಸರಾಗಿತ್ತು. ಆ ಹೆಸರು ಗಳಿಸಲು ಅವರು ಮಾಡಿದ್ದೇನೆಂದರೆ, ಭಯವಾದಾಗಲೆಲ್ಲ ಬಾಯಿ ಜೋರು ಮಾಡಿದ್ದು. ಹಾವು ಕಂಡರೆ "ಎಲ್ಲೋಗ್ತೀಯ, ಅಲ್ಲೇ ನಿಂತ್ಕೋ!" ಎಂದು ಗದರಿಸುತ್ತ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗಿದ್ದವರಿಗೆ ಗದರಿಕೆ ಕೇಳುತ್ತಿತ್ತೇ ಹೊರತು ಅಗುಳಿ ಬಿದ್ದ ಸದ್ದು ಕೇಳುತ್ತಿರಲಿಲ್ಲ. ಅಗುಳಿಯ ಸದ್ದು ಕೇಳುತ್ತಿದ್ದದ್ದು ಹೆಂಡತಿ ಸುವರ್ಣಮ್ಮನಿಗೆ ಮಾತ್ರ. ಹಾವಿಗಿಂತ ಅವರಿಗೆ ನೀರಿನ ಭಯ ಹೆಚ್ಚು. ಐವತ್ತೆರಡು ವರ್ಷದ ಬಾಳಿನಲ್ಲಿ ಮೊಣಕಾಲು ಮೀರಿದ ನೀರಿಗೆ ಅವರು ಇಳಿದವರಲ್ಲ. ಅದೂ ಸುವರ್ಣಮ್ಮನಿಗೆ ಮಾತ್ರ ಗೊತ್ತಿತ್ತು.

ಸಾವಿರದ ಒಂಬೈನೂರ ಎಂಬತ್ತೆರಡನೇ ಇಸವಿ, ಸಂಕ್ರಾಂತಿ ಕಳೆದ ವಾರ ತಿಪಟೂರಿನಲ್ಲಿ ತೆಂಗು ಬೆಳೆಗಾರರ ಸಂಘದ ಸಭೆ ಸೇರಿತು. ಕರಿಬಸವಯ್ಯನವರು ಹೋದದ್ದು ಸಭೆಗಲ್ಲ, ಸಭೆ ಮುಗಿದ ಮೇಲೆ ಕೊಡುವ ಉಪ್ಪಿಟ್ಟು ಕೇಸರಿಬಾತಿಗೆ. ಪಕ್ಕದ ಕುರ್ಚಿಯಲ್ಲಿ ಸುವರ್ಣಮ್ಮನ ಅಣ್ಣ, ತಿಪಟೂರಿನ ಕೊಬ್ಬರಿ ವರ್ತಕ ಸದಾಶಿವಯ್ಯನವರು ಕೂತು ಕಾಶಿಯಾತ್ರೆಯ ಕಥೆ ಹೇಳುತ್ತಿದ್ದರು. ಅವರು ಕಾಶಿಗೆ ಹೋಗಿ ಬಂದು ಮೂರು ವರ್ಷವಾಗಿತ್ತು. ಕಥೆ ಮಾತ್ರ ಇನ್ನೂ ಇಟಾರ್ಸಿ ಜಂಕ್ಷನ್ ದಾಟಿರಲಿಲ್ಲ.

"ಭಾವ, ನೀವೂ ಒಂದ್ಸಲ ಹೊರಗಡೆ ಹೋಗ್ಬರಬೇಕು ಕಣ್ರೀ," ಎಂದರು ಸದಾಶಿವಯ್ಯ. "ತುರುವೇಕೆರೆ ದಾಟಿದ್ರೂ ಪ್ರಪಂಚ ಐತೆ."

ಈ ಮಾತು ಕರಿಬಸವಯ್ಯನವರ ಎದೆಯಲ್ಲಿ ಮುಳ್ಳಿನ ಹಾಗೆ ನೆಟ್ಟಿತು. ಅದೇ ಹೊತ್ತಿಗೆ ಸಂಘದ ಕಾರ್ಯದರ್ಶಿ ಬಸವರಾಜಪ್ಪ ವೇದಿಕೆಯ ಮೇಲೆ ಎದ್ದು ನಿಂತು, ಬರುವ ಏಪ್ರಿಲ್‌ನಲ್ಲಿ ಅಂಡಮಾನ್ ದ್ವೀಪಗಳ ತೆಂಗಿನ ತೋಟ ನೋಡಿ ಬರಲು ಜಿಲ್ಲೆಜಿಲ್ಲೆಯಿಂದ ರೈತರನ್ನು ಕಳಿಸುತ್ತಿದ್ದಾರೆ, ನಮ್ಮ ಸೀಮೆಯಿಂದ ಒಬ್ಬರು ಬೇಕು, ಖರ್ಚೆಲ್ಲ ಸಂಘದ್ದು ಎಂದರು.

"ದ್ವೀಪ ಅಂದ್ರೆ ಏನು ಸ್ವಾಮಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸುತ್ತ ನೀರು, ಮಧ್ಯೆ ನೆಲ," ಎಂದರು ಬಸವರಾಜಪ್ಪ. ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

ಕರಿಬಸವಯ್ಯನವರಿಗೆ ಮಾತ್ರ ಸಮಾಧಾನವಾಯಿತು. ಸುತ್ತ ನೀರು, ಮಧ್ಯೆ ನೆಲ ಅಂದರೆ ಅವರಿಗೆ ಹೊಸದಲ್ಲ. ಗುಡ್ಡೇನಹಳ್ಳಿ ಕೆರೆಯ ನಡುವೆ ಅಂಥದೊಂದು ಗಡ್ಡೆ ಇತ್ತು. ಮಳೆಗಾಲದಲ್ಲಿ ಅದರ ಸುತ್ತ ನೀರು ನಿಲ್ಲುತ್ತಿತ್ತು, ಕೊಕ್ಕರೆಗಳು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ. ಶಿವರಾತ್ರಿ ಕಳೆದರೆ ನೀರು ಇಳಿಯುತ್ತಿತ್ತು. ಯುಗಾದಿಯ ಹೊತ್ತಿಗೆ ಊರಿನವರೆಲ್ಲ ಗಾಡಿ ಹೂಡಿಕೊಂಡು ಹೋಗಿ, ಅದೇ ಗಡ್ಡೆಯ ಪಕ್ಕದಿಂದ ಗೋಡುಮಣ್ಣು ತುಂಬಿಕೊಂಡು ಬಂದು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಕರಿಬಸವಯ್ಯನವರೇ ಮೂವತ್ತು ವರ್ಷದಿಂದ ಹಾಗೆ ಗಾಡಿ ಹೊಡೆದಿದ್ದರು. ಅಂಡಮಾನ್ ಸ್ವಲ್ಪ ದೊಡ್ಡ ಕೆರೆ ಇರಬಹುದು, ಅಷ್ಟೇ. ಏಪ್ರಿಲ್ ಅಂದರೆ ಸುಡು ಬೇಸಿಗೆ.

ಅವರು ಭಾವನ ಕಡೆ ಒಮ್ಮೆ ನೋಡಿ ಎದ್ದು ನಿಂತರು. "ನಾನು ಹೋಗ್ತೀನಿ ಸಾರ್. ಅದೇನ್ ಮಹಾ! ಯುಗಾದಿ ಕಳೀಲಿ, ನೀರು ಇಳೀಲಿ, ಹಂಗೋಗಿ ಹಿಂಗ್ ಬತ್ತೀನಿ."

ಬಸವರಾಜಪ್ಪನ ಮುಖ ಅರಳಿತು. "ನೋಡಿ ಮಹನೀಯರೇ! ಸಮುದ್ರದ ಉಬ್ಬರ ಇಳಿತ ಎಲ್ಲ ತಿಳ್ಕೊಂಡು ಮಾತಾಡ್ತಾರೆ. ನಮಗೆ ಬೇಕಾಗಿದ್ದು ಇಂಥ ರೈತರೇ!"

ಚಪ್ಪಾಳೆ ಬಿತ್ತು. ಸದಾಶಿವಯ್ಯನವರ ಕಾಶಿ ರೈಲು ಇಟಾರ್ಸಿಯಲ್ಲಿ ನಿಂತದ್ದು ನಿಂತೇ ಹೋಯಿತು. ಕರಿಬಸವಯ್ಯನವರು ಆ ದಿನ ಎರಡು ಸಲ ಕೇಸರಿಬಾತು ಹಾಕಿಸಿಕೊಂಡರು.

ಊರಿಗೆ ಬಂದವರೇ ತಯಾರಿ ಶುರು ಮಾಡಿದರು. ಮದ್ರಾಸಿನ ತನಕ ರೈಲು ಎಂದು ಸಂಘದವರು ಹೇಳಿದ್ದರೂ, ಅಲ್ಲಿಂದ ಮುಂದಕ್ಕೆ ಮದ್ರಾಸಿನ ಗಾಡಿಯವರನ್ನು ನಂಬುವ ಹಾಗಿರಲಿಲ್ಲ. ಕೆಸರಿನಲ್ಲಿ ಎಳೆಯುವುದು ಎಲ್ಲ ಎತ್ತುಗಳಿಗೂ ಬರುವುದಿಲ್ಲ. ಹದಿನೈದು ದಿನ ಮುಂಚೆ ಹೊರಟರೆ ತಮ್ಮ ಗಾಡಿಯಲ್ಲೇ ನೇರವಾಗಿ ಹೋಗಬಹುದು ಎಂದು ಅವರು ಲೆಕ್ಕ ಹಾಕಿದರು. ಎರಡೂ ಚಕ್ರಕ್ಕೆ ಹೊಸ ಕಬ್ಬಿಣದ ಪಟ್ಟಿ ಹಾಕಿಸಿದರು. ಶಿವರಾತ್ರಿ ಕಳೆದ ಒಂದು ಬೆಳಿಗ್ಗೆ ಮನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದಾಗ ಹುಚ್ಚರಂಗಯ್ಯ ಆ ದಾರಿಯಲ್ಲಿ ಬಂದ. ಹುಚ್ಚರಂಗಯ್ಯ ಮಿಲಿಟರಿಯಲ್ಲಿ ಹದಿನೇಳು ವರ್ಷ ಇದ್ದು ಪಿಂಚಣಿ ಪಡೆದು ಬಂದವನು. ಇಡೀ ಊರಿನಲ್ಲಿ ಸಮುದ್ರ ಕಂಡವನು ಅವನೊಬ್ಬನೇ.

"ಏನ್ ಕರಿಬಸಣ್ಣ, ಗೋಡು ಹೊಡ್ಯೋಕಾ?"

"ಅಂಡಮಾನ್‌ಗೆ ಕಣಪ್ಪ."

ಹುಚ್ಚರಂಗಯ್ಯ ಬಾಯಿಂದ ಬೀಡಿ ತೆಗೆದ. "ಗಾಡೀಲಾ?"

"ಇನ್ಯಾತರಲ್ಲಿ? ಯುಗಾದಿ ಹೊತ್ಗೆ ನೀರು ಇಳ್ದಿರ್ತದೆ. ಅಚ್ಚಿನ ಮಟ್ಟ ಇದ್ರೂ ನನ್ನೆತ್ತು ಎಳೀತವೆ ಬುಡು."

ಹುಚ್ಚರಂಗಯ್ಯ ಬೀಡಿಯನ್ನು ಕಾಲಲ್ಲಿ ಹೊಸಕಿದ. ಆಮೇಲೆ ಮೆತ್ತಗೆ ಹೇಳಿದ: "ಕರಿಬಸಣ್ಣ, ಅದು ಸಮುದ್ರ ಕಣಣ್ಣ. ಬ್ಯಾಸಿಗೇಲಿ ಬತ್ತಲ್ಲ."

"ಒಂಚೂರೂ ಇಳ್ಯಲ್ವಾ?"

"ಬೆಳಿಗ್ಗೆ ಒಂದಾಳು ಇಳೀತದೆ, ಸಂಜೆಗೆ ಮತ್ತೆ ಏರ್ತದೆ. ಆಳ ಎಷ್ಟು ಗೊತ್ತಾ? ಒಂದು ತೆಂಗಿನ ಮರ ನಿಲ್ಸು. ಅದರ ಸುಳಿ ಮ್ಯಾಲೆ ಇನ್ನೊಂದು ಮರ ನಿಲ್ಸು. ಹಿಂಗೇ ನೂರು ಮರ ನಿಲ್ಸು. ಆಮೇಲೂ ಗರಿ ಕಾಣಲ್ಲ."

ಕರಿಬಸವಯ್ಯನವರು ಮನೆಯ ಮುಂದಿದ್ದ ತೆಂಗಿನ ಮರವನ್ನು ಬುಡದಿಂದ ಸುಳಿಯವರೆಗೆ ಒಮ್ಮೆ ನೋಡಿದರು. ಕೈಯಲ್ಲಿದ್ದ ಕೀಲೆಣ್ಣೆಯ ಬಟ್ಟೆ ಕೆಳಗೆ ಬಿತ್ತು. ನೊಗದ ಮೇಲೆ ಕೂತರು.

"ಮತ್ತೆ ಜನ ಹೆಂಗಪ್ಪ ಹೋಗ್ತಾರೆ?"

"ಎರಡು ದಾರಿ. ಒಂದು ಹಡಗು. ಮದ್ರಾಸಲ್ಲಿ ಹತ್ತಿದ್ರೆ ಮೂರು ಹಗಲು ಮೂರು ರಾತ್ರಿ. ನಿಂತ್ರೆ ನೆಲ ಓಡ್ತದೆ, ಕೂತ್ರೆ ಹೊಟ್ಟೆ ಓಡ್ತದೆ. ನಮ್ಮ ಸುಬೇದಾರ, ಆರಡಿ ಆಳು, ಹಡಗು ಹತ್ತಿ ಅರ್ಧ ದಿನಕ್ಕೆ ಅವ್ವಾ ಅವ್ವಾ ಅಂತ ಅತ್ತ. ಇನ್ನೊಂದು ಇಮಾನ. ಎರಡೇ ಗಂಟೆ. ಕೆಳಗೆ ನೋಡಿದ್ರೆ ನೀರು, ಮ್ಯಾಲೆ ನೋಡಿದ್ರೆ ಏನೂ ಇಲ್ಲ. ನಡುವೆ ಇಳ್ಕೊಳ್ತೀನಿ ಅಂದ್ರೆ ಸ್ಟಾಪಿಲ್ಲ."

"ಹೋದ್ಮೇಲಾದ್ರೂ ನೆಲ ಸಿಕ್ತದಲ್ಲ?" ಕರಿಬಸವಯ್ಯನವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಸಿಕ್ತದೆ. ಆದ್ರೆ ಚೂರುಚೂರು ನೆಲ ಕಣಣ್ಣ. ಮಾಯಸಂದ್ರ ಒಂದು ಚೂರಲ್ಲಿ, ತುರುವೇಕೆರೆ ಇನ್ನೊಂದು ಚೂರಲ್ಲಿ ಇದ್ದಂಗೆ. ಸಂತೆಗೂ ದೋಣಿ, ಬೀಗರ ಮನೆಗೂ ದೋಣಿ. ನೀನು ನೋಡ್ಬೇಕಾದ ತೋಟ ಯಾವ ಚೂರಲ್ಲೈತೋ ಏನೋ."

ಭಯ ಬಂದಾಗ ಬಾಯಿ ಜೋರಾಗುವುದು ಕರಿಬಸವಯ್ಯನವರ ಜಾಯಮಾನ. ಅವರು ನೊಗದಿಂದ ಎದ್ದು ಹೋ ಎಂದು ನಕ್ಕರು. "ಲೇ ಹುಚ್ಚರಂಗ, ನಾನೇನು ಇದೆಲ್ಲ ತಿಳೀದೆ ಒಪ್ಕೊಂಡಿದ್ದೀನಾ? ನಿಂಗೆ ಗೊತ್ತೋ ಇಲ್ವೋ ಅಂತ ಕೇಳ್ದೆ ಕಣ್ಲಾ. ನಂಗೆ ಸಮುದ್ರನೂ ಒಂದೇ, ನಮ್ ಕೆರೆನೂ ಒಂದೇ!"

ಇದರಿಂದ ಆದದ್ದು ಇಷ್ಟು. ಹುಚ್ಚರಂಗಯ್ಯ ನೇರವಾಗಿ ಅರಳೀಕಟ್ಟೆಗೆ ಹೋಗಿ, "ಹದಿನೇಳು ವರ್ಷ ಮಿಲಿಟರೀಲಿದ್ದೆ, ಇಂತಾ ಎದೆ ಕಂಡಿಲ್ಲ. ಬೇಕಾದ್ರೆ ಗಾಡೀಲೇ ಸಮುದ್ರಕ್ಕೆ ಇಳೀತೀನಿ ಅಂತಾನೆ!" ಎಂದು ಸಾರಿದ. ಸಂಜೆಯ ಬಸ್ಸಿನ ಹೊತ್ತಿಗೆ ಸುದ್ದಿ ಮಾಯಸಂದ್ರ ಮುಟ್ಟಿತು.

ಅಂದು ಮಧ್ಯಾಹ್ನ ಕರಿಬಸವಯ್ಯನವರು ಊಟಕ್ಕೆ ಕೂತರು. ಸಾರಿನ ಬಟ್ಟಲು ಎತ್ತಿಕೊಂಡರೆ ಅದರೊಳಗೆ ಅಲೆ ಎದ್ದಿತು. ಸುವರ್ಣಮ್ಮ ಬಟ್ಟಲನ್ನು ನೋಡಿದರು, ಗಂಡನ ಮುಖವನ್ನೂ ನೋಡಿದರು.

"ಭಯ ಆಗ್ತೈತೇನ್ರೀ?"

"ನಂಗಾ?"

"ಹೋಗಕ್ಕಾಗಲ್ಲ ಅಂತ ಹೇಳ್ಬುಡಿ ಸಂಘದೋರಿಗೆ. ನೀವು ಹೇಳಕ್ಕಾಗ್ದಿದ್ರೆ ನಾನೇ ತಿಪಟೂರಿಗೆ ಹೋಗಿ ಹೇಳ್ಬತ್ತೀನಿ."

"ನಿಮ್ಮಣ್ಣ ಕಾಶಿಯಿಂದ ಬಂದು ಮೂರು ವರ್ಷ ಆಯ್ತು, ಇನ್ನೂ ನನ್ನ ಕಿವಿ ಬುಟ್ಟಿಲ್ಲ. ನಾನು ಹೋಗಲ್ಲ ಅಂದ್ರೆ ಸಾಯೋಗಂಟ ಆಡ್ಕೊಂಡು ನಗ್ತಾನೆ ಕಣೇ."

"ಹೋದ್ರೆ ಸಾಯೋದು ಬ್ಯಾಗ ಅಲ್ವಾ?" ಎಂದರು ಸುವರ್ಣಮ್ಮ. ಅವರು ತಮಾಷೆಗೆ ಹೇಳಲಿಲ್ಲ. ಅವರಿಗೂ ಭಯವಾಗಿತ್ತು.

ಅಂದಿನಿಂದ ಸಭೆಯಲ್ಲಿ ಕೊಟ್ಟ ಮಾತು ಬಾಯೊಳಗಿನ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕರಿಬಸವಯ್ಯನವರು ತೋಟದ ಬಾವಿಯ ಹತ್ತಿರ ಹೋಗುವುದನ್ನು ಬಿಟ್ಟರು. ಹಂಡೆಯಲ್ಲಿ ನೀರು ಕುದಿಯುವ ಸದ್ದಿಗೆ ಎದೆ ಹಾರುತ್ತಿತ್ತು. ಗಾಳಿಗೆ ತೆಂಗಿನ ಗರಿ ಸುಯ್ ಅಂದರೆ ಸಮುದ್ರವೇ ಬಂತೆಂದು ಎದ್ದು ಕೂರುತ್ತಿದ್ದರು. ಮೂವತ್ತು ವರ್ಷ ತಾವೇ ಬೆಳೆಸಿದ ಮರಗಳ ಕೆಳಗೆ ನಿಂತರೆ, ಒಂದರ ಮೇಲೊಂದು ನೂರು ಮರ ಕಣ್ಣ ಮುಂದೆ ಬಂದು ತಲೆ ಸುತ್ತುತ್ತಿತ್ತು.

ಊರಿನವರಾದರೂ ಸುಮ್ಮನಿದ್ದರೆ? ಹಿಂದಿನ ಕಾಲದಲ್ಲಿ ಕಾಶಿಗೆ ಹೋಗುವವರು ತಿರುಗಿ ಬರುವುದು ಖಾತ್ರಿ ಇರಲಿಲ್ಲ. ಹಾಗಾಗಿ ಹೊರಡುವ ಮೊದಲೇ ಊರೆಲ್ಲ ಅವರನ್ನು ಕರೆದು ಊಟ ಹಾಕಿ ಕಾಲಿಗೆ ಬೀಳುವುದು ಪದ್ಧತಿಯಾಗಿತ್ತು. ರೈಲು ಬಂದ ಮೇಲೆ ಮರೆತಿದ್ದ ಆ ಪದ್ಧತಿ ಕರಿಬಸವಯ್ಯನವರಿಂದಾಗಿ ಗುಡ್ಡೇನಹಳ್ಳಿಯಲ್ಲಿ ಮತ್ತೆ ಜೀವ ಪಡೆಯಿತು. ದಿನಕ್ಕೊಂದು ಮನೆಯಲ್ಲಿ ಹೋಳಿಗೆ. ಬಡಿಸುವವರು ತುಪ್ಪ ಧಾರಾಳವಾಗಿ ಹಾಕುತ್ತಿದ್ದರು, "ಇರ್ಲಿ ಉಣ್ಣಪ್ಪ, ಇನ್ಯಾವಾಗ್ಲೋ" ಎನ್ನುತ್ತಿದ್ದರು. ಆ "ಇನ್ಯಾವಾಗ್ಲೋ" ಕೇಳಿದರೆ ಅವರು ಅರ್ಧ ಹೋಳಿಗೆಗೇ ಎಲೆ ಮಡಚುತ್ತಿದ್ದರು.

ಪಕ್ಕದ ಮನೆಯ ರಾಮಕ್ಕನಿಗೆ ಎಂಬತ್ತು ದಾಟಿತ್ತು. ಆಕೆ ಕೋಲೂರಿಕೊಂಡು ಬಂದು, ಬೇಡ ಬೇಡ ಎಂದರೂ ಕೇಳದೆ ಕರಿಬಸವಯ್ಯನವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಸೆರಗಿನಿಂದ ಒಂದು ತೆಂಗಿನಕಾಯಿ ತೆಗೆದು ಕೈಗಿತ್ತಳು.

"ಇದನ್ನ ಸಮುದ್ರಕ್ಕೆ ಬುಡು ಮಗಾ. ನಮ್ಮೋರು ಸತ್ತು ಇಪ್ಪತ್ತು ವರ್ಷ ಆಯ್ತು. ನೀನು ಮ್ಯಾಲೆ ಹೋದಾಗ ಕಂಡ್ರೆ, ನಾನು ಚೆನ್ನಾಗಿದ್ದೀನಿ ಅಂತ ಹೇಳು."

"ನಾನ್ ಅಲ್ಲಿಗೆ ಹೋಗ್ತಿಲ್ಲ ಕಣಜ್ಜಿ! ಅಂಡಮಾನ್‌ಗೆ ಹೋಗ್ತಿರೋದು!"

"ಎಲ್ಲಾದ್ರೂ ಸರಿ ಕಣಪ್ಪ," ಎಂದು ರಾಮಕ್ಕ ಕಣ್ಣೊರೆಸಿಕೊಂಡಳು.

ಉಳಿದದ್ದು ಒಂದೇ ಆಸೆ. ಭಾವ ಹಿರಿಯರು. ಅವರೇನಾದರೂ ಬೇಡವೆಂದು ಅಡ್ಡ ಹಾಕಿದರೆ, ಹಿರಿಯರ ಮಾತು ಮೀರಬಾರದೆಂದು ಗೌರವವಾಗಿ ಮನೆಯಲ್ಲಿ ಉಳಿಯಬಹುದು. ಸದಾಶಿವಯ್ಯನವರನ್ನು ಊಟಕ್ಕೆ ಕರೆಸಿ, ಎಲೆಯ ಮುಂದೆ ಕೂರಿಸಿ, ಕರಿಬಸವಯ್ಯನವರು ಸುತ್ತಿ ಬಳಸಿ ಹೇಳಿದರು: "ಭಾವ, ನೀವು ದೊಡ್ಡೋರು. ಹೋಗ್ಬ್ಯಾಡ ಅಂದ್ರೆ ನಾನು ಒಂದೇ ಒಂದು ಮಾತೂ ಎದುರಾಡಲ್ಲ."

ಸದಾಶಿವಯ್ಯನವರಿಗೆ ಅನ್ನ ನೆತ್ತಿಗೆ ಹತ್ತಿತು. ನೀರು ಕುಡಿದು ಹೇಳಿದರು: "ಛೆ ಛೆ! ನಾನು ಬ್ಯಾಡ ಅಂದ್ರೆ ಜನ ಏನಂತಾರೆ? ಕಾಶಿ ಕಂಡೋನಿಗೆ ಹೊಟ್ಟೆಕಿಚ್ಚು ಅಂತಾರೆ. ಹೋಗ್ಬನ್ನಿ ಭಾವ. ಆದ್ರೆ ಒಂದ್ಮಾತು. ಯಾವ ತೋಟ ಯಾವ ಮಗನಿಗೆ ಅಂತ ನಾಲ್ಕು ಜನರ ಮುಂದೆ ಹೇಳ್ಬುಟ್ಟು ಹೋಗಿ. ನಾನೂ ಕಾಶಿಗೆ ಹೋಗುವಾಗ ಹಂಗೇ ಮಾಡಿದ್ದೆ."

ಸುವರ್ಣಮ್ಮ ಅಣ್ಣನ ಎಲೆಗೆ ಎರಡನೇ ಸಲ ಅನ್ನ ಬಡಿಸಲಿಲ್ಲ.

ಸಂಘದವರು ಹಡಗಿಗೇ ಟಿಕೆಟ್ ತೆಗೆಸಿದ್ದರು. ಹೊರಡಲು ನಾಲ್ಕು ದಿನ ಇರುವಾಗ ಕರಿಬಸವಯ್ಯನವರು ಕಡೆಯ ಅಸ್ತ್ರ ತೆಗೆದರು. ತಿಪಟೂರಿನ ಸಂಘದ ಕಚೇರಿಗೆ ಹೋಗಿ, ಮೈ ಸರಿಯಿಲ್ಲ, ಎದೆ ಹೊಡ್ಕೊಳ್ತದೆ ಎಂದರು. ಬಸವರಾಜಪ್ಪ ಗಾಬರಿಯಾಗಿ ಅವರನ್ನು ಸಂಘದ ಪರಿಚಯದ ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುತ್ತ, "ಹಡಗಿನಲ್ಲಿ ಹೋಗ್ತೀರಂತೆ?" ಎಂದರು. ಎದೆ ದಡದಡ ಬಡಿಯಿತು. "ಮೂರು ದಿನವಂತೆ?" ಎಂದರು. ಇನ್ನೂ ಜೋರಾಗಿ ಬಡಿಯಿತು. ಡಾಕ್ಟರು ಕೊಳವೆ ಕಿವಿಯಿಂದ ತೆಗೆದು ಕಾರ್ಯದರ್ಶಿಯ ಕಡೆ ತಿರುಗಿದರು.

"ಕಾಯಿಲೆ ಏನಿಲ್ಲ ಕಣ್ರೀ. ಉತ್ಸಾಹ. ಹಡಗು ಅಂದ ತಕ್ಷಣ ಹೃದಯ ಕುಣಿಯುತ್ತೆ. ಈ ವಯಸ್ಸಿಗೆ ಇಂಥ ಹುರುಪು ನಾನು ನೋಡಿಲ್ಲ." ಹಾಗೆಂದು ಬರೆದೂ ಕೊಟ್ಟರು.

ಹೊರಡುವ ದಿನ ಮಧ್ಯಾಹ್ನ ತಿಪಟೂರು ರೈಲ್ವೆ ಸ್ಟೇಷನ್ನಿನಲ್ಲಿ ಗುಡ್ಡೇನಹಳ್ಳಿಯ ಅರ್ಧ ಊರು ನೆರೆದಿತ್ತು. ಸಮುದ್ರಕ್ಕೆ ಹಾಕಲು ಕೊಟ್ಟ ಕಾಯಿಗಳೇ ಒಂದು ಮೂಟೆಯಾಗಿದ್ದವು. ಕೊರಳಲ್ಲಿ ಹಾರ ಬೆಳೆಯುತ್ತ ಬಂದು ಕರಿಬಸವಯ್ಯನವರ ಮೂಗು ಮುಚ್ಚಿತು. ಒಳಗಿನಿಂದ ಅವರು ಶಿವನ ಹೆಸರು ಹೇಳಿಕೊಳ್ಳುತ್ತಿದ್ದರು. ಬೆಂಗಳೂರಿಗೆ ಹೋಗುವ ರೈಲು ಬಂದು ನಿಂತಿತು. ಬಾಗಿಲ ಮೆಟ್ಟಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಬಸವರಾಜಪ್ಪ ಒಂದು ಟೆಲಿಗ್ರಾಂ ಹಿಡಿದುಕೊಂಡು ಏದುಸಿರು ಬಿಡುತ್ತ ಓಡಿ ಬಂದರು.

"ಕರಿಬಸವಯ್ನೋರೇ, ನಿಲ್ಲಿ! ಹಡಗು ರಿಪೇರಿಗೆ ನಿಂತಿದೆಯಂತೆ. ಎರಡು ತಿಂಗಳು ಹೊರಡೋದಿಲ್ಲವಂತೆ!"

ಕರಿಬಸವಯ್ಯನವರು ಟೆಲಿಗ್ರಾಂ ನೋಡಿದರು, ಆಕಾಶ ನೋಡಿದರು, ಸುವರ್ಣಮ್ಮನನ್ನು ನೋಡಿದರು. ಒಂದೂವರೆ ತಿಂಗಳಿಂದ ಎದೆಯ ಮೇಲೆ ಕೂತಿದ್ದ ನೂರು ತೆಂಗಿನ ಮರಗಳೂ ಒಟ್ಟಿಗೆ ಎದ್ದು ಹೋದವು. ಅವರು ಕಾಯಿಮೂಟೆಯ ಮೇಲೆ ಕುಸಿದು ಕೂತು ಗೊಳೋ ಎಂದು ಅಳತೊಡಗಿದರು. ಸಂತೋಷ ಅಷ್ಟೊಂದು ಬಂದಾಗ ಅದು ಕಣ್ಣಿನಿಂದಲೇ ಹೊರಗೆ ಬರಬೇಕಲ್ಲ.

ಜನ ಲೊಚಗುಟ್ಟಿದರು. ಹುಚ್ಚರಂಗಯ್ಯ ಟೋಪಿ ತೆಗೆದ. ಬಸವರಾಜಪ್ಪನ ಕಣ್ಣಲ್ಲೂ ನೀರು ಬಂತು. "ತೆಂಗಿನ ಮೇಲೆ ಇಷ್ಟು ಪ್ರೀತಿ ಇರೋ ರೈತನ್ನ ನಾನು ಕಂಡಿಲ್ಲ," ಎಂದು ಅವರು ಟೆಲಿಗ್ರಾಮಿನ ಎರಡನೇ ಸಾಲು ಓದಿದರು. "ಅಳಬೇಡಿ ಯಜಮಾನ್ರೇ. ಸಂಘಕ್ಕೊಂದು ವಿಮಾನದ ಸೀಟು ಕೊಟ್ಟಿದ್ದಾರೆ. ಪದಾಧಿಕಾರಿಗಳು ಯಾರಾದರೂ ಹೋಗಬಹುದು ಅಂತ. ಅಂದರೆ ನಾನೇ ಹೋಗಬೇಕಾಗಿತ್ತು." ಇಲ್ಲಿ ಅವರು ಕರವಸ್ತ್ರ ತೆಗೆದು ಕತ್ತಿನ ಬೆವರು ಒರೆಸಿಕೊಂಡರು. "ಆದರೆ ನಿಮ್ಮ ಈ ಕಣ್ಣೀರು ಕಂಡ ಮೇಲೆ ನಾನು ಹೋದರೆ ದೇವರು ಮೆಚ್ಚೋದಿಲ್ಲ. ನೀವೇ ಹೋಗಿ! ನಿಮ್ಮನ್ನ ಈಗಲೇ ಪದಾಧಿಕಾರಿ ಮಾಡಿದ್ದೀನಿ!" ಅಷ್ಟು ಹೇಳುವಾಗ ಅವರ ಮುಖದಲ್ಲಿ ಗಲ್ಲಿನಿಂದ ಇಳಿಸಿದವನ ಕಳೆ ಬಂದಿತ್ತು.

ಕರಿಬಸವಯ್ಯನವರ ಅಳು ಅಲ್ಲೇ ನಿಂತಿತು. ಮೂರು ದಿನದ ಭಯ ಎರಡು ಗಂಟೆಗೆ ಇಳಿದಿತ್ತು. ಆದರೆ ಹಡಗು ಮುಳುಗಿದರೆ ಬರೀ ನೀರು, ವಿಮಾನ ಬಿದ್ದರೆ ಮೊದಲು ಗಾಳಿ, ಆಮೇಲೆ ನೀರು.

ಆಗ ಸುವರ್ಣಮ್ಮ ಮುಂದೆ ಬಂದರು. ನಾಲ್ಕು ಗಂಡಸರು ಇರುವಲ್ಲಿ ಜೋರಾಗಿ ಮಾತಾಡಿದವರಲ್ಲ ಅವರು. "ಸಾರ್, ಅದು ದುಃಖ ಅಲ್ಲ," ಎಂದರು. "ಹಡಗು ನಿಂತೋಯ್ತಲ್ಲ ಅಂತ ಸಂತೋಷ ತಡೀನಾರ್ದೆ ಅಳ್ತಾವ್ರೆ. ನಮ್ಮೋರಿಗೆ ನೀರು ಕಂಡ್ರೆ ಭಯ. ಅವರನ್ನ ಬುಟ್ಬುಡಿ."

ಪ್ಲಾಟ್‌ಫಾರ್ಮಿನಲ್ಲಿ ನೆರೆದಿದ್ದ ಅರ್ಧ ಊರು ಕರಿಬಸವಯ್ಯನವರ ಮುಖ ನೋಡಿತು. ಅವರು ಹೂಂ ಎನ್ನಬೇಕಾಗಿರಲಿಲ್ಲ, ತಲೆ ಆಡಿಸಿದ್ದರೆ ಸಾಕಿತ್ತು. ಆಡಿಸಿಯೂ ಬಿಡುತ್ತಿದ್ದರು. ತಲೆ ಒಂದು ಬೆರಳಿನಷ್ಟು ಬಗ್ಗಿದ್ದೂ ಹೌದು. ಅಷ್ಟರಲ್ಲಿ ಗುಂಪಿನ ಮುಂದೆ ನಿಂತಿದ್ದ ಸದಾಶಿವಯ್ಯನವರ ತುಟಿಯ ಕೊನೆ ಮೆಲ್ಲಗೆ ಮೇಲೇಳುವುದು ಅವರ ಕಣ್ಣಿಗೆ ಬಿತ್ತು.

"ಯಾರಿಗೆ ಭಯ?" ಕರಿಬಸವಯ್ಯನವರ ಬಾಯಿ ಅವರನ್ನು ಕೇಳದೆಯೇ ಗುಡುಗಿತು. "ನಂಗಾ? ಹೆಂಗಸ್ರು, ನಾಕು ದಿನ ಬುಟ್ಟಿರಕ್ಕಾಗ್ದೆ ಏನೇನೋ ಅಂತಾರೆ! ಕೊಡಿ ಸಾರ್ ಆ ಕಾಗದ. ಇಮಾನ ಅಂದ್ರೆ ಏನ್ ಮಹಾ!"

ಜಯಕಾರ ಮುಗಿಲು ಮುಟ್ಟಿತು. ಯಾರೋ ತಳ್ಳಿದರು, ಯಾರೋ ಎತ್ತಿದರು. ಮೂಟೆಯೂ ಅವರೂ ಒಟ್ಟಿಗೆ ರೈಲಿನೊಳಗೆ ಹೋಗಿ ಬಿದ್ದರು. ಕರಿಬಸವಯ್ಯನವರು ಎದ್ದು ಕಿಟಕಿಯ ಬಳಿ ಕೂತಾಗ ಸುವರ್ಣಮ್ಮ ಹೊರಗೆ ಸರಳು ಹಿಡಿದು ನಿಂತಿದ್ದರು. ಅವರು ಹೆಂಡತಿಯ ಕೈ ಮೇಲೆ ಕೈ ಇಟ್ಟರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಜನರ ಮುಂದೆ ಹಾಗೆ ಕೈ ಹಿಡಿದದ್ದು ಅದೇ ಮೊದಲು. ಕಣ್ಣು ತುಂಬಿಕೊಂಡು, ಬೇರೆ ಯಾರಿಗೂ ಕೇಳದ ಹಾಗೆ ಅವರು ಹೇಳಿದರು:

"ಇನ್ನೊಂದ್ಸಲ ಹೇಳ್ಬಾರ್ದಾಗಿತ್ತೇನೇ?"

"ಈಗ ಹೇಳ್ಲಾ?" ಎಂದರು ಸುವರ್ಣಮ್ಮ.

ಗಾರ್ಡ್ ಸೀಟಿ ಊದಿದ. ಕರಿಬಸವಯ್ಯನವರು ಹೆಂಡತಿಯ ಹೆಗಲ ಮೇಲಿಂದ ಹಣಕಿ, ಕೈ ಬೀಸುತ್ತಿದ್ದ ಊರನ್ನೂ ಬೀಸದೆ ನಿಂತಿದ್ದ ಭಾವನನ್ನೂ ಒಮ್ಮೆ ನೋಡಿದರು.

"ಈಗ ಬ್ಯಾಡ ಬುಡು," ಎಂದರು. "ಎಲ್ರೂ ನೋಡ್ತಾವ್ರೆ."

ರೈಲು ಹೊರಟಿತು.